ಸೀನರಿ ಬಂದ ದಾರಿ

ಶಾಲೆಯ ಮಗುವಿನ ಕೈಗೆ ಡ್ರಾಯಿಂಗ್ ಹಾಳೆ ಕೊಟ್ಟು 'ಒಂದು ಸೀನರಿ ಬರಿ' ಎಂದರೆ ಸಾಕು. ಜಯನಗರದ ಮಗುವಾದರೂ ಅಷ್ಟೇ, ಜಗಳೂರಿನ ಮಗುವಾದರೂ ಅಷ್ಟೇ. ಹಿಂದೆ ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಬೆಟ್ಟದ ಬುಡದಿಂದ ಹೊರಟು ಮುಂದೆ ಬರುತ್ತಾ ಅಗಲವಾಗುವ ನದಿ, ಪಕ್ಕದಲ್ಲೊಂದು ಗುಡಿಸಲು, ಒಂದು ಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಬಯಲುಸೀಮೆಯಲ್ಲಿ ಹುಟ್ಟಿ, ತುಂಬಿದ ಹೊಳೆಯನ್ನು ಒಮ್ಮೆಯೂ ಕಾಣದ ಮಗುವೂ ಬರೆಯುವುದು ಇದನ್ನೇ. ಅದು ಕಣ್ಣಿನಿಂದ ಕಂಡದ್ದಲ್ಲ. ಇನ್ನೊಂದು ಚಿತ್ರವನ್ನು ನೋಡಿ ಕಲಿತದ್ದು.

ಈ ಬಗೆಯ ಚಿತ್ರಕ್ಕೆ ಕನ್ನಡದಲ್ಲಿ 'ಭೂದೃಶ್ಯ', 'ನಿಸರ್ಗಚಿತ್ರ' ಎಂಬ ಪದಗಳು ಇಲ್ಲದಿಲ್ಲ. ಆದರೆ ಅವು ಕಲಾಶಾಲೆಯ ಗೋಡೆಯಿಂದ ಆಚೆಗೆ ಬಂದದ್ದು ಕಡಿಮೆ. ಜನರ ಬಾಯಲ್ಲಿ ಇರುವುದು 'ಸೀನರಿ'. ಅದನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಕಂಪನಿ ನಾಟಕದವರೂ ಇದ್ದಾರೆ. ಗುಬ್ಬಿ ಕಂಪನಿಯಂಥವು ಊರಿಗೆ ಬಂದಾಗ ನಾಟಕದಷ್ಟೇ ಹೆಸರಾಗುತ್ತಿದ್ದದ್ದು ಅವುಗಳ ಸೀನು-ಸೀನರಿ: ಕಾಡಿನ ಪರದೆ, ಬೀದಿಯ ಪರದೆ, ಅರಮನೆಯ ಪರದೆ. ಫೋಟೋ ಸ್ಟುಡಿಯೋಗಳು ಅದೇ ದಾರಿ ಹಿಡಿದವು. ನವದಂಪತಿಯ ಬೆನ್ನ ಹಿಂದೆ ಸರೋವರ, ಸರೋವರದ ದಡದಲ್ಲಿ ಯಾವ ಊರಿನದೋ ಕಲ್ಲಿನ ಮೆಟ್ಟಿಲು.

ಇನ್ನು ಮನೆಯ ನಡುಮನೆ. ಗೋಡೆಯ ಮೇಲೆ ದೇವರ ಪಟ, ಹಿರಿಯರ ಫೋಟೋ, ಅವುಗಳ ಜೊತೆಗೆ ಒಂದು ಇಂಗ್ಲಿಷ್ ಹಳ್ಳಿ. ಹೊಳೆಯ ನಡುವೆ ನಿಂತ ಕುದುರೆಗಾಡಿ, ದಡದಲ್ಲಿ ಹೆಂಚಿನ ಮನೆ, ಮೇಲೆ ಮಳೆ ಕಟ್ಟಿದ ಮೋಡ. ಇದು ಜಾನ್ ಕಾನ್‌ಸ್ಟೆಬಲ್ 1821ರಲ್ಲಿ ಬರೆದ 'ದಿ ಹೇ ವೇನ್'. ಮೂಲಚಿತ್ರ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಚ್ಚಾಗಿ, ಕ್ಯಾಲೆಂಡರಾಗಿ, ಬಿಸ್ಕತ್ತಿನ ಡಬ್ಬದ ಮುಚ್ಚಳವಾಗಿ, ಕ್ಯಾನ್ವಾಸಿನ ಮೇಲೆ ಕೈಯಿಂದಲೇ ಬರೆದ ನಕಲಾಗಿ ಅದು ಜಗತ್ತೆಲ್ಲ ಸುತ್ತಿದೆ.

ನಕಲು ಎಂದರೆ ಈಗ ಮೂಗು ಮುರಿಯುವವರೇ ಹೆಚ್ಚು. ಬ್ರಿಟಿಷ್ ನಿಸರ್ಗಚಿತ್ರಕಲೆ ಬೆಳೆದದ್ದೇ ನಕಲಿನ ಮೇಲೆ. ಹದಿನೇಳನೆಯ ಶತಮಾನದ ಕ್ಲಾಡ್ ಲೊರೇನನ ಚಿತ್ರಗಳನ್ನು ಕಾನ್‌ಸ್ಟೆಬಲ್ ಸ್ವತಃ ಕೂತು ನಕಲು ಮಾಡಿದ್ದಾನೆ, ಅದೂ 1823ರಲ್ಲಿ, 'ಹೇ ವೇನ್' ಮುಗಿದ ಎರಡು ವರ್ಷದ ನಂತರ. ಟರ್ನರ್ ಹುಡುಗನಾಗಿದ್ದಾಗ ಲಂಡನ್ನಿನ ಡಾಕ್ಟರ್ ಮನ್ರೋ ಎಂಬಾತನ ಮನೆಗೆ ಸಂಜೆ ಹೋಗಿ, ಗೆಳೆಯ ಗರ್ಟಿನ್ ಜೊತೆ ಕೂತು, ಬೇರೆಯವರ ಜಲವರ್ಣಚಿತ್ರಗಳನ್ನು ಪ್ರತಿ ಮಾಡುತ್ತಿದ್ದ. ಒಂದು ಸಂಜೆಗೆ ಮೂರೂವರೆ ಶಿಲಿಂಗ್ ಕೂಲಿ, ರಾತ್ರಿಯ ಊಟ. ನಮ್ಮ ಸಂಗೀತದ ವಿದ್ಯಾರ್ಥಿ ಗುರುವಿನ ಪಾಠಾಂತರವನ್ನು ಹಾಗೆಯೇ ಒಪ್ಪಿಸಿದಂತೆ ಇದು.

ಈ ನಕಲಿನ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಜಾಗ ಇದೆ. ಸಾಮಾನ್ಯ ಜಾಗವಲ್ಲ. ಇನ್ನೂರು ಮೂವತ್ತು ವರ್ಷಗಳ ಹಿಂದೆ ಲಂಡನ್ನಿನ ಚಿತ್ರದಂಗಡಿಗಳಲ್ಲಿ ಕೈಯಿಂದ ಬಣ್ಣ ಹಾಕಿ ಮಾರಿದ ನಿಸರ್ಗಚಿತ್ರಗಳಲ್ಲಿ ಸಾವನದುರ್ಗ ಇತ್ತು, ಶಿವಗಂಗೆ ಇತ್ತು, ಬೆಂಗಳೂರಿನ ಕೋಟೆಯ ಬಾಗಿಲುಗಳಿದ್ದವು.

ಫಿರಂಗಿಯ ಹಿಂದೆ ಕುಂಚ

ಮೂರನೆಯ ಮೈಸೂರು ಯುದ್ಧ ನಡೆದದ್ದು 1790ರಿಂದ 1792ರವರೆಗೆ. ಗವರ್ನರ್ ಜನರಲ್ ಕಾರ್ನ್‌ವಾಲಿಸನೇ ಸೈನ್ಯದ ಮುಂದೆ ನಿಂತಿದ್ದ. 1791ರ ಮಾರ್ಚ್ 7ರಂದು ಬೆಂಗಳೂರಿನ ಪೇಟೆ, ಮಾರ್ಚ್ 21ರ ರಾತ್ರಿ ಕೋಟೆ ಬ್ರಿಟಿಷರ ವಶವಾದವು. ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಕೋಟೆಯೊಳಗೆ ಸತ್ತವರು ಸಾವಿರಕ್ಕೂ ಹೆಚ್ಚು ಎಂದು ಗೆದ್ದವರೇ ಬರೆದಿಟ್ಟಿದ್ದಾರೆ. ಅಕ್ಟೋಬರಿನಲ್ಲಿ ನಂದಿದುರ್ಗ, ಡಿಸೆಂಬರ್ 21ರಂದು ಸಾವನದುರ್ಗ, ಅದರ ಬೆನ್ನಿಗೇ ಹುತ್ರಿದುರ್ಗ ಬಿದ್ದವು. 1792ರ ಫೆಬ್ರುವರಿಯಲ್ಲಿ ಟಿಪ್ಪು ಸುಲ್ತಾನ್ ತನ್ನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ಕಳುಹಿಸಿದ. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕೊಡಲು ಒಪ್ಪಬೇಕಾಯಿತು.

ಈ ಸೈನ್ಯದ ಜೊತೆ ಕುಂಚ ಹಿಡಿದವರೂ ಬಂದಿದ್ದರು. ರಾಬರ್ಟ್ ಹೋಮ್ ವೃತ್ತಿಯಿಂದಲೇ ಚಿತ್ರಗಾರ. 1791ರ ಆರಂಭದಲ್ಲಿ ಮದ್ರಾಸಿಗೆ ಬಂದಿಳಿದವನು ಸೈನ್ಯದ ಜೊತೆ ಹೋಗಲು ಅನುಮತಿ ಪಡೆದ. ರಾಬರ್ಟ್ ಕೋಲ್‌ಬ್ರೂಕ್ ಸರ್ವೆ ಕೆಲಸದವನು, ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದ. ಅಲೆಗ್ಸಾಂಡರ್ ಅಲನ್ ಕಂಪನಿ ಸೈನ್ಯದ ಅಧಿಕಾರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ದಿನ ಬಿಳಿ ಬಾವುಟ ಹಿಡಿದು ಅರಮನೆಯೊಳಕ್ಕೆ ಹೋಗಿ ಟಿಪ್ಪುವಿನ ಮಕ್ಕಳ ಜೊತೆ ಮಾತನಾಡಿದವನು ಇವನೇ. ನಾಲ್ಕನೆಯವನು ಜೇಮ್ಸ್ ಹಂಟರ್, ರಾಯಲ್ ಆರ್ಟಿಲರಿಯ ಲೆಫ್ಟಿನೆಂಟ್. 1792ರಲ್ಲೇ ತೀರಿಕೊಂಡ, ತನ್ನ ಚಿತ್ರಗಳು ಪುಸ್ತಕವಾದದ್ದನ್ನು ನೋಡಲಿಲ್ಲ.

ಫಿರಂಗಿ ದಳದವನಿಗೆ ಚಿತ್ರ ಬರೆಯಲು ಹೇಗೆ ಬಂತು ಎಂದು ಕೇಳಬಹುದು. ಛಾಯಾಗ್ರಹಣ ಇಲ್ಲದ ಕಾಲ ಅದು. ಶತ್ರುವಿನ ಬೆಟ್ಟ ಯಾವ ಕಡೆ ಕಡಿದಾಗಿದೆ, ಕೋಟೆಯ ಗೋಡೆ ಎಲ್ಲಿ ತಗ್ಗಿದೆ, ಹಳ್ಳ ಎಲ್ಲಿ ದಾಟಬಹುದು ಎಂಬುದನ್ನು ಕಾಗದದ ಮೇಲೆ ತೋರಿಸಬಲ್ಲ ಅಧಿಕಾರಿಗೆ ಬೆಲೆ ಇತ್ತು. ರಾಯಲ್ ಆರ್ಟಿಲರಿಗೆ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ವುಲಿಚ್ ಸೈನಿಕ ಶಾಲೆಯಲ್ಲಿ ಡ್ರಾಯಿಂಗ್ ಒಂದು ಪಾಠವೇ ಆಗಿತ್ತು. 1768ರಿಂದ ಸುಮಾರು ಮೂರು ದಶಕ ಅಲ್ಲಿ ಮುಖ್ಯ ಡ್ರಾಯಿಂಗ್ ಮಾಸ್ತರಾಗಿದ್ದವನು ಪಾಲ್ ಸ್ಯಾಂಡ್‌ಬಿ. ಬ್ರಿಟಿಷ್ ಜಲವರ್ಣ ನಿಸರ್ಗಚಿತ್ರದ ಹಿರಿಯ ಎಂದು ಕರೆಸಿಕೊಳ್ಳುವಾತ. ಸಾವನದುರ್ಗದ ಬಂಡೆಗೆ ಏಣಿ ಹಾಕುವ ವಿದ್ಯೆಯೂ ಅದರ ಚೆಲುವನ್ನು ಬರೆಯುವ ವಿದ್ಯೆಯೂ ಒಂದೇ ಶಾಲೆಯ ಪಾಠಗಳು.

ಕೋಲ್‌ಬ್ರೂಕನ 'ಮೈಸೂರು ಸಂಸ್ಥಾನದ ಹನ್ನೆರಡು ನೋಟಗಳು', ಹೋಮನ 'ಆಯ್ದ ನೋಟಗಳು', ಅಲನ್‌ನ 'ಮೈಸೂರು ಸೀಮೆಯ ನೋಟಗಳು' ಹೊರಬಂದದ್ದು 1793-94ರ ಆಸುಪಾಸಿನಲ್ಲಿ. ಹಂಟರ್‌ನ ನಲವತ್ತು ಚಿತ್ರಗಳನ್ನು ಎಡ್ವರ್ಡ್ ಓರ್ಮ್ ಎಂಬ ಪ್ರಕಾಶಕ 1805ರಲ್ಲಿ ಪ್ರಕಟಿಸಿದ. ಅಷ್ಟರಲ್ಲಿ ಥಾಮಸ್ ಡೇನಿಯಲ್ ಮತ್ತು ಅವನ ಅಣ್ಣನ ಮಗ ವಿಲಿಯಂ ಕೂಡ ಈ ಸೀಮೆಯನ್ನು ಸುತ್ತಿ ಹೋಗಿದ್ದರು. ಯುದ್ಧ ಮುಗಿದ ಕೂಡಲೇ, 1792ರಲ್ಲಿ, ಅವರು ಮದ್ರಾಸಿನಿಂದ ಹೊರಟು ಸೈನ್ಯ ನಡೆದ ದಾರಿಯಲ್ಲೇ ಬೆಂಗಳೂರಿನತ್ತ ಬಂದರು. ಅವರ 'ಓರಿಯಂಟಲ್ ಸೀನರಿ' ಎಂಬ ಗ್ರಂಥ 1795ರಿಂದ 1808ರವರೆಗೆ ಕಂತುಕಂತಾಗಿ ಬಂತು. ಒಟ್ಟು 144 ಚಿತ್ರ. ಪೂರ್ತಿ ಸೆಟ್ಟಿನ ಬೆಲೆ 200 ಗಿನಿ, ಎಂದರೆ 210 ಪೌಂಡ್. ಸೀನರಿ ಎಂಬ ಮಾತು ಇಲ್ಲಿ ಗ್ರಂಥದ ಹೆಸರಿನಲ್ಲೇ ಇದೆ.

ತಾಮ್ರದ ತಗಡು, ರಾಳದ ಪುಡಿ

ಸ್ಥಳದಲ್ಲಿ ಬರೆದದ್ದು ಒಂದೇ ಪ್ರತಿ. ಅದನ್ನು ನೂರಾರು ಮಾಡುವುದು ಹೇಗೆ? ಗೆರೆ ಕೆತ್ತನೆಯಲ್ಲಿ ಗೆರೆ ಬರುತ್ತದೆ, ಆದರೆ ಜಲವರ್ಣದ ತೆಳು ಛಾಯೆ ಬರುವುದಿಲ್ಲ. ಅದಕ್ಕೆ ಸಿಕ್ಕ ಉಪಾಯ ಅಕ್ವಾಟಿಂಟ್. ಫ್ರಾನ್ಸಿನಲ್ಲಿ 1760ರ ದಶಕದಲ್ಲಿ ಬಳಕೆಗೆ ಬಂದ ಈ ವಿಧಾನವನ್ನು ಇಂಗ್ಲೆಂಡಿನಲ್ಲಿ ಜನಪ್ರಿಯ ಮಾಡಿದವನು ಮತ್ತೆ ಅದೇ ಸ್ಯಾಂಡ್‌ಬಿ, 1775ರಲ್ಲಿ.

ಕೆಲಸ ಹೀಗೆ. ನುಣುಪಾದ ತಾಮ್ರದ ತಗಡಿನ ಮೇಲೆ ನಯವಾದ ರಾಳದ ಪುಡಿಯನ್ನು ಧೂಳು ಕೂತಂತೆ ಉದುರಿಸುತ್ತಾರೆ. ಕೆಳಗಿನಿಂದ ಬಿಸಿ ಕೊಟ್ಟಾಗ ಪ್ರತಿ ಕಣವೂ ಕರಗಿ ತಗಡಿಗೆ ಅಂಟಿಕೊಳ್ಳುತ್ತದೆ. ಆಮೇಲೆ ತಗಡನ್ನು ಆಮ್ಲಕ್ಕೆ ಇಳಿಸುತ್ತಾರೆ. ರಾಳದ ಕಣ ಇರುವಲ್ಲಿ ಆಮ್ಲ ಕಚ್ಚುವುದಿಲ್ಲ, ಕಣಗಳ ನಡುವಿನ ಸಂದಿಯಲ್ಲಿ ಕಚ್ಚುತ್ತದೆ. ಬೆಳ್ಳಗಿರಬೇಕಾದ ಮೋಡಕ್ಕೆ ಮೊದಲೇ ವಾರ್ನಿಷ್ ಬಳಿದು ಮುಚ್ಚಬೇಕು. ಸ್ವಲ್ಪ ಹೊತ್ತು ಕಚ್ಚಿದ ಮೇಲೆ ತಗಡನ್ನು ತೆಗೆದು ದೂರದ ಬೆಟ್ಟವನ್ನು ಮುಚ್ಚಬೇಕು, ಮತ್ತೆ ಇಳಿಸಬೇಕು. ಆಮೇಲೆ ನಡುವಿನ ಮರ, ಕೊನೆಗೆ ಮುಂದಿನ ಬಂಡೆ. ಹೆಚ್ಚು ಹೊತ್ತು ಆಮ್ಲದಲ್ಲಿದ್ದದ್ದು ಹೆಚ್ಚು ಕಪ್ಪು. ಕೆತ್ತುವವನ ಉಳಿಗಿಂತ ಅವನ ಗಡಿಯಾರಕ್ಕೇ ಇಲ್ಲಿ ಹೆಚ್ಚು ಕೆಲಸ.

ಅಚ್ಚಿನಿಂದ ಹೊರಬಂದ ಹಾಳೆಯಲ್ಲಿ ಇರುತ್ತಿದ್ದದ್ದು ಒಂದು ಅಥವಾ ಎರಡು ಶಾಯಿ: ಆಕಾಶಕ್ಕೆ ನೀಲಿ, ನೆಲಕ್ಕೆ ಕಂದು. ಉಳಿದ ಬಣ್ಣವೆಲ್ಲ ಕೈಕೆಲಸ. ಎದುರಿಗೆ ಒಂದು ಮಾದರಿ ಪ್ರತಿಯನ್ನು ಇಟ್ಟುಕೊಂಡು, ಬಣ್ಣಗಾರರು ಹಾಳೆಯ ಮೇಲೆ ಹಾಳೆಗೆ ಜಲವರ್ಣ ತುಂಬುತ್ತಿದ್ದರು. ಈ ಕೆಲಸದಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಲಂಡನ್ನಿನ ಹೆಸರುವಾಸಿ ಚಿತ್ರವ್ಯಾಪಾರಿ ಆಕರ್‌ಮನ್ ಫ್ರಾನ್ಸಿನ ಕ್ರಾಂತಿಗೆ ಹೆದರಿ ಓಡಿಬಂದವರನ್ನು ಇಂಥ ಕೆಲಸಕ್ಕೆ ಇಟ್ಟುಕೊಂಡಿದ್ದ. ಹಾಳೆಯ ಕೆಳಗೆ ಚಿತ್ರಗಾರನ ಹೆಸರು ಎಡಕ್ಕೆ, ಕೆತ್ತಿದವನ ಹೆಸರು ಬಲಕ್ಕೆ ಇರುತ್ತದೆ, ಪ್ರಕಾಶಕನ ವಿಳಾಸವೂ ಇರುತ್ತದೆ. ಬಣ್ಣ ಹಾಕಿದವರ ಹೆಸರು ಮಾತ್ರ ಎಲ್ಲೂ ಇಲ್ಲ.

ಮಾಗಡಿಯ ಬಂಡೆಯ ಮೇಲೆ ಸಂಜೆಯ ಬಿಸಿಲು ಯಾವ ಬಣ್ಣ ತಿರುಗುತ್ತದೆಂದು ಲಂಡನ್ನಿನ ಬಣ್ಣಗಾರ್ತಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಆಕೆ ತನಗೆ ಗೊತ್ತಿದ್ದ ಆಕಾಶವನ್ನು ಹಾಕಿದಳು. ಆದ್ದರಿಂದಲೇ ಒಂದೇ ತಗಡಿನಿಂದ ಬಂದ ಎರಡು ಪ್ರತಿಗಳನ್ನು ಪಕ್ಕಪಕ್ಕ ಇಟ್ಟರೆ ಒಂದರಲ್ಲಿ ಬೆಳಗಿನ ಹೊತ್ತು, ಇನ್ನೊಂದರಲ್ಲಿ ಮುಸ್ಸಂಜೆ ಕಂಡರೆ ಆಶ್ಚರ್ಯವಿಲ್ಲ.

ಬಣ್ಣವೊಂದೇ ಅಲ್ಲ, ಚಿತ್ರದ ಕಟ್ಟಡವೇ ಇಂಗ್ಲೆಂಡಿನದು. ಆ ಕಾಲದ ಇಂಗ್ಲಿಷರಿಗೆ 'ಪಿಕ್ಚರೆಸ್ಕ್' ಎಂಬ ಗೀಳು ಹಿಡಿದಿತ್ತು. ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ ಅದಕ್ಕೆ ಸೂತ್ರಗಳನ್ನೇ ಬರೆದಿದ್ದ. ಮುಂದೆ ಕತ್ತಲಾದ ನೆಲ, ಒಂದು ಪಕ್ಕಕ್ಕೆ ಬಾಗಿದ ಮರ, ನಡುವೆ ಬೆಳಕು ಬಿದ್ದ ನೀರು, ದೂರದಲ್ಲಿ ಮಸುಕು ಬೆಟ್ಟ; ಪಾಳುಬಿದ್ದ ಕಟ್ಟಡ ಒಂದಿದ್ದರೆ ಇನ್ನೂ ಒಳ್ಳೆಯದು. ನಾಲ್ಕು ಜನ ಇರಬೇಕು, ಆದರೆ ಸಣ್ಣದಾಗಿ, ಕೆಲಸವಿಲ್ಲದೆ. ಕ್ಲಾಡ್ ಲೊರೇನ್ ಇಟಲಿಯ ಬಯಲಿಗೆ ಹೊಲಿದ ಅಂಗಿಯನ್ನು ಗಿಲ್ಪಿನ್ ಬ್ರಿಟನ್ನಿನ ವೈ ನದಿಗೆ ತೊಡಿಸಿದ. ಸೈನ್ಯದ ಚಿತ್ರಗಾರರು ಅದನ್ನೇ ತಂದು ಅರ್ಕಾವತಿಯ ಸೀಮೆಗೆ ತೊಡಿಸಿದರು. ಮಗುವಿನ ಡ್ರಾಯಿಂಗ್ ಹಾಳೆಯ ಬೆಟ್ಟ, ನದಿ, ಗುಡಿಸಲುಗಳ ಅಜ್ಜ ಇಲ್ಲಿದ್ದಾನೆ.

ಚಿತ್ರದಲ್ಲಿ ಇಲ್ಲದ್ದು

1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರಕ್ಕೆ ಹೋಗಿದ್ದ ಕಾರ್ನ್‌ವಾಲಿಸ್ ಮಳೆ, ಹಸಿವು, ರೋಗಗಳಿಂದ ಸೋತು, ಎಳೆಯಲು ಎತ್ತುಗಳಿಲ್ಲದೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಬೆಂಗಳೂರಿಗೆ ಹಿಂದಿರುಗಿದ. ದಾರಿಯುದ್ದಕ್ಕೂ ಸತ್ತ ದನಗಳು. ಶತ್ರುವಿಗೆ ಮೇವು ಸಿಗದಿರಲೆಂದು ಟಿಪ್ಪುವಿನ ಕಡೆಯವರೂ ಹಳ್ಳಿಗಳನ್ನು ಬರಿದು ಮಾಡಿದ್ದರು. ರೈತನಿಗೆ ಎರಡು ಕಡೆಯಿಂದಲೂ ಪೆಟ್ಟು. ಈ ಸೀಮೆಯ ಅದೇ ವರ್ಷದ ನೋಟಗಳಲ್ಲಿ ಕಾಣುವುದು ಬಹುಮಟ್ಟಿಗೆ ತಂಪು ನೆರಳು, ಮೇಯುವ ದನ, ಬಂಡೆಯ ಮೇಲೆ ಕೂತು ಮಾತನಾಡುವ ಇಬ್ಬರು ದಾರಿಹೋಕರು. ಕೋಟೆ ಪಾಳುಬಿದ್ದಿದ್ದರೆ ಅದು ಕಾಲದ ಮಹಿಮೆಯಂತೆ ತೋರುತ್ತದೆ. ಹೋದ ತಿಂಗಳ ಗುಂಡಿನ ಏಟು ಎಂದು ತಿಳಿಯಬೇಕಾದರೆ ಜೊತೆಯ ಬರಹ ಓದಬೇಕು. ಚಿತ್ರಗಾರರು ಸುಳ್ಳು ಬರೆದರು ಎಂದಲ್ಲ. ಲಂಡನ್ನಿನಲ್ಲಿ ದುಡ್ಡು ಕೊಟ್ಟು ಕೊಳ್ಳುವವರ ಗೋಡೆಗೆ ಒಪ್ಪುವುದನ್ನು ಬರೆದರು.

ಇದೇ ವೈರವನ್ನು ಈ ನೆಲದ ಚಿತ್ರಗಾರರು ಹೇಗೆ ಕಂಡರು ಎಂಬುದಕ್ಕೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಇದೆ. ಅದರ ಪಶ್ಚಿಮದ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧ. ಅಲ್ಲಿ ಸೀನರಿ ಇಲ್ಲವೇ ಇಲ್ಲ. ದೂರ ಹೋದಂತೆ ಸಣ್ಣದಾಗುವ ಬೆಟ್ಟ ಇಲ್ಲ, ಗೋಡೆ ತುಂಬ ಜನ, ಕುದುರೆ, ಕತ್ತಿ. ಹೈದರ್, ಟಿಪ್ಪು ಆನೆಗಳ ಮೇಲೆ. ಬ್ರಿಟಿಷ್ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಮುದುರಿ ಕೂತಿದ್ದಾನೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಈ ಗೋಡೆಯಲ್ಲಿ ಈಗ ಕಾಣುವುದೂ ಒಂದರ್ಥದಲ್ಲಿ ಪ್ರತಿಯೇ. ಹಾಳಾಗಿದ್ದ ಚಿತ್ರವನ್ನು ಹತ್ತೊಂಬತ್ತನೆಯ ಶತಮಾನದ ನಡುವೆ ಗವರ್ನರ್ ಜನರಲ್ ಡಾಲ್‌ಹೌಸಿಯ ಆದೇಶದ ಮೇರೆಗೆ ಮತ್ತೆ ಬರೆಸಲಾಯಿತು. ಇದೇ ಯುದ್ಧದ ಕಾಗದದ ಮೇಲಿನ ಉದ್ದನೆಯ ಒಂದು ಚಿತ್ರ 2022ರ ಮಾರ್ಚಿನಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡಿಗೆ ಹೋಯಿತು.

ಇನ್ನು ಬ್ರಿಟಿಷ್ ನಿಸರ್ಗಚಿತ್ರಕಾರರಲ್ಲೇ ದೊಡ್ಡ ಹೆಸರು ಎನಿಸಿದ ಟರ್ನರ್. ಅವನೂ ಶ್ರೀರಂಗಪಟ್ಟಣವನ್ನು ಬರೆದಿದ್ದಾನೆ ಎಂಬುದು ಇಲ್ಲಿ ಹೆಚ್ಚು ಜನರಿಗೆ ತಿಳಿಯದು. ಸುಮಾರು 1800ರ 'ಶ್ರೀರಂಗಪಟ್ಟಣದ ಮುತ್ತಿಗೆ' ಎಂಬ ಜಲವರ್ಣಚಿತ್ರ ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಟರ್ನರ್ ಭಾರತಕ್ಕೆ ಬಂದವನೇ ಅಲ್ಲ. ಕಾವೇರಿಯನ್ನು ಕಂಡಿದ್ದ ಬೇರೆಯವರ ರೇಖಾಚಿತ್ರ ಇಲ್ಲದೆ ಅದು ಆಗುವಂತಿರಲಿಲ್ಲ. ಅದೇ 1800ರಲ್ಲಿ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ, ಅವನೂ ಭಾರತವನ್ನು ಕಾಣದವನು, ಶ್ರೀರಂಗಪಟ್ಟಣದ ಪತನವನ್ನು 120 ಅಡಿ ಉದ್ದದ ಕ್ಯಾನ್ವಾಸಿನಲ್ಲಿ ಬರೆದು ಲಂಡನ್ನಿನ ಲೈಸಿಯಂನಲ್ಲಿ ಪ್ರದರ್ಶನಕ್ಕಿಟ್ಟ. ಟಿಕೆಟ್ಟು ಕೊಂಡು ಜನ ಮುಗಿಬಿದ್ದರು. ಮೂಲಚಿತ್ರ ನಾಶವಾಯಿತು. ಅದು ಹೇಗಿತ್ತು ಎಂದು ತಿಳಿಯುವುದು ಅದರ ಅಚ್ಚಿನ ಪ್ರತಿಗಳಿಂದ.

ಬೆಂಗಳೂರಿನ ಕೋಟೆಯ ಕಥೆಯೂ ಹಾಗೆಯೇ. ಹಂಟರ್ ಬರೆದ ಬಾಗಿಲುಗಳಲ್ಲಿ ದೆಹಲಿ ಬಾಗಿಲೂ ಮೈಸೂರು ಬಾಗಿಲೂ ಇವೆ. ದೆಹಲಿ ಬಾಗಿಲು ಕೃಷ್ಣರಾಜೇಂದ್ರ ಮಾರುಕಟ್ಟೆಯ ಹತ್ತಿರ ಇಂದಿಗೂ ನಿಂತಿದೆ. ಬ್ರಿಟಿಷರು ಗೋಡೆ ಒಡೆದು ನುಗ್ಗಿದ ಜಾಗಕ್ಕೆ ಕಲ್ಲಿನ ಫಲಕವೂ ಇದೆ. ಮೈಸೂರು ಬಾಗಿಲು ಇಲ್ಲ. ರಸ್ತೆಗೆ, ಆಸ್ಪತ್ರೆಗೆ, ಶಾಲೆಗೆ ಎಂದು ಕೋಟೆಯ ಬಹುಭಾಗ ನೆಲಸಮವಾಯಿತು. ಈಗ ಮೈಸೂರು ಬಾಗಿಲನ್ನು ಕಾಣಬೇಕೆಂದರೆ ಇರುವುದು ಆ ಲೆಫ್ಟಿನೆಂಟನ ಚಿತ್ರ, ಅದೂ ಇನ್ನೊಬ್ಬ ಕೆತ್ತಿ, ಮತ್ತೊಬ್ಬರು ಬಣ್ಣ ಹಾಕಿದ್ದು. ಕೋಟೆಯ ಬುರುಜಿನ ಆಕಾರಕ್ಕೆ ಸಾಕ್ಷಿಯಾಗಿ ಅದನ್ನು ನಂಬಬಹುದು. ಗೋಡೆಯ ಬಣ್ಣಕ್ಕೆ, ಮರದ ಜಾತಿಗೆ, ಬೆಟ್ಟದ ಎತ್ತರಕ್ಕೆ ನಂಬುವ ಮುಂಚೆ ಯೋಚಿಸಬೇಕು. ಹಳೆಯ ಬೆಂಗಳೂರು ಎಂದು ಪುಸ್ತಕಗಳಲ್ಲಿ, ಹೋಟೆಲಿನ ಗೋಡೆಗಳಲ್ಲಿ ಕಾಣುವ ಬಣ್ಣದ ಚಿತ್ರಗಳಿಗೆಲ್ಲ ಈ ಮಾತು ಸಲ್ಲುತ್ತದೆ. ಇವುಗಳಲ್ಲಿ ಸರ್ವೆಯವನಾದ ಕೋಲ್‌ಬ್ರೂಕನ ನೋಟಕ್ಕೆ ತೂಕ ಸ್ವಲ್ಪ ಹೆಚ್ಚು. ಅಳೆಯುವುದು ಅವನ ಕಸುಬು.

ಕೈ ಬದಲಾದದ್ದು

ಬ್ರಿಟಿಷ್ ಬಗೆಯ ನಿಸರ್ಗಚಿತ್ರವನ್ನು ಇಲ್ಲಿಯವರು ಕಲಿತದ್ದು ನಿಧಾನವಾಗಿ. ಮದ್ರಾಸಿನಲ್ಲಿ 1850ರಲ್ಲಿ ಆರಂಭವಾದ ಕಲಾಶಾಲೆ ಒಂದು ದಾರಿ. ರವಿವರ್ಮನ ತಮ್ಮ ಸಿ. ರಾಜರಾಜವರ್ಮ ನಿಸರ್ಗಚಿತ್ರದಲ್ಲೇ ಪಳಗಿದವನು. ಅಣ್ಣನ ದೇವತೆಗಳ ಹಿಂದಿನ ಕಾಡು, ನೀರು, ಆಕಾಶಗಳಲ್ಲಿ ಅವನ ಕೈ ಇದೆ. ಆ ದೇವತೆಗಳು ಅಚ್ಚಾಗಿ ಮನೆಮನೆಯ ದೇವರ ಕೋಣೆ ಸೇರಿದಾಗ ಹಿಂದಿನ ಸೀನರಿಯೂ ಜೊತೆಗೆ ಸೇರಿತು.

ಮೈಸೂರಿನ ಕೆ. ವೆಂಕಟಪ್ಪ (1886-1965) ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರರ ಶಿಷ್ಯರಾಗಿದ್ದವರು. ಅಲ್ಲಿ ಪುರಾಣದ ವಸ್ತುಗಳನ್ನು ಬರೆದವರು ಹಿಂದಿರುಗಿದ ಮೇಲೆ ಊಟಿಗೆ ಹೋಗಿ ಕೂತರು. ಇಂಗ್ಲಿಷರು ತಮ್ಮ ಊರಿನ ನೆನಪಿಗಾಗಿ ಕಟ್ಟಿಕೊಂಡ ಊರು ಅದು. ಸ್ಯಾಂಡ್‌ಬಿಯ ಕಾಲದಿಂದ ಬಂದ ಅದೇ ಜಲವರ್ಣ, ಅದೇ ಕಾಗದ. ಆದರೆ ವೆಂಕಟಪ್ಪನವರ ಊಟಿಯ ಚಿತ್ರಗಳಲ್ಲಿ ಪಾಳುಕೋಟೆಯಿಲ್ಲ, ಬಂಡೆಯ ಮೇಲೆ ಕೂತ ದಾರಿಹೋಕನಿಲ್ಲ. ಮಂಜು, ಮುಂಗಾರಿನ ಮೋಡ, ಬೆಳದಿಂಗಳು, ಅಷ್ಟೇ. ಈ ಇಡೀ ಕಥೆಯಲ್ಲಿ ಸೂತ್ರವನ್ನು ಪಕ್ಕಕ್ಕಿಟ್ಟು ಬರಿಗಣ್ಣಿನಿಂದ ನೋಡಿದವರು ಇವರು ಎನ್ನಬಹುದು. ಅವರ ಬಳಿಕ ದೊಡ್ಡಬಳ್ಳಾಪುರದ ರುಮಾಲೆ ಚನ್ನಬಸವಯ್ಯ (1910-1988), ಸ್ವಾತಂತ್ರ್ಯ ಹೋರಾಟಗಾರ, ಬೆಂಗಳೂರಿನ ಹೂಬಿಟ್ಟ ಮರಗಳ ಎದುರು ಬಿಸಿಲಿನಲ್ಲೇ ನಿಂತು ಬರೆದರು. ಲಾಲ್‌ಬಾಗಿನ ಬಂಡೆ, ಅದರ ದಕ್ಷಿಣಕ್ಕೆ 1948ರಲ್ಲಿ ಶಂಕುಸ್ಥಾಪನೆಯಾಗಿ ಬೆಳೆದ ಜಯನಗರದಂಥ ಬಡಾವಣೆಗಳ ಸಾಲುಮರ, ಇವುಗಳ ಬಣ್ಣವನ್ನು ಲಂಡನ್ನಿನಲ್ಲಿ ಕೂತು ಊಹಿಸಲಾಗುವುದಿಲ್ಲ.

ನಕಲಿನ ಕಸುಬು ನಿಂತಿಲ್ಲ. ಚೀನಾದ ಶೆನ್‌ಜೆನ್ ಬಳಿಯ ದಾಫೆನ್ ಎಂಬ ಹಳ್ಳಿಯಲ್ಲಿ 1989ರ ಬಳಿಕ ಸಾವಿರಾರು ಜನ ಇದನ್ನೇ ಹೊಟ್ಟೆಪಾಡು ಮಾಡಿಕೊಂಡರು. ಬೆಂಗಳೂರಿನಲ್ಲೂ ಹೇಳಿ ಬರೆಸುವವರಿದ್ದಾರೆ, ಬರೆಯುವವರೂ ಇದ್ದಾರೆ. ಸಿನಿಮಾ ಬ್ಯಾನರ್, ಅಂಗಡಿಯ ಬೋರ್ಡು ಬರೆಯುತ್ತಿದ್ದ ಕೈಗಳಿಗೆ ಫ್ಲೆಕ್ಸ್ ಬಂದ ಮೇಲೆ ಬೇರೆ ಕೆಲಸ ಹುಡುಕಬೇಕಾಯಿತು. ಕಾನೂನಿನ ಅಡ್ಡಿ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಕಲಾವಿದ ತೀರಿಕೊಂಡ ಅರವತ್ತು ವರ್ಷಗಳ ನಂತರ ಹಕ್ಕು ಮುಗಿಯುತ್ತದೆ. ಕಾನ್‌ಸ್ಟೆಬಲ್ ತೀರಿಕೊಂಡದ್ದು 1837ರಲ್ಲಿ, ಟರ್ನರ್ 1851ರಲ್ಲಿ. ನಕಲು ಮಾಡಿ ನಕಲೆಂದೇ ಮಾರಿದರೆ ತಪ್ಪಿಲ್ಲ; ಮೂಲವೆಂದು ಮಾರಿದರೆ ಮೋಸ.

ಹಳೆಯ ಮೈಸೂರು ನೋಟಗಳನ್ನು ಕೊಳ್ಳುವವರಿಗೂ ಈ ಎಚ್ಚರ ಬೇಕು. ಭೂತಗನ್ನಡಿ ಹಿಡಿದಾಗ ಬಣ್ಣವೆಲ್ಲ ಸಾಲುಸಾಲು ಚುಕ್ಕೆಗಳಾಗಿ ಕಂಡರೆ ಅದು ಈಚಿನ ಯಂತ್ರದ ಅಚ್ಚು. ಅಕ್ವಾಟಿಂಟಿನಲ್ಲಿ ಚುಕ್ಕೆಯ ಸಾಲಿಲ್ಲ, ಒಡೆದ ಕೆಸರಿನ ಬಿರುಕಿನಂಥ ಬಲೆ ಕಾಣುತ್ತದೆ. ಚಿತ್ರದ ಸುತ್ತ ತಗಡು ಒತ್ತಿದ ಗುರುತೂ ಇರುತ್ತದೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ಕೆಲವೊಮ್ಮೆ ವಾಟ್‌ಮನ್ ಎಂಬ ಕಾಗದ ತಯಾರಕನ ನೀರುಗುರುತು, ಅದರ ಪಕ್ಕ ಇಸವಿ ಕಾಣುತ್ತದೆ. ಆ ಇಸವಿ ಚಿತ್ರದ ಕೆಳಗಿನ ಇಸವಿಗಿಂತ ಈಚಿನದಾದರೆ ಅದು ಆಮೇಲೆ ತೆಗೆದ ಪ್ರತಿ. ಕಪ್ಪುಬಿಳುಪಿನ ಹಳೆಯ ಹಾಳೆಗೆ ವ್ಯಾಪಾರಿಗಳು ಆಮೇಲೆ ಬಣ್ಣ ಹಚ್ಚಿರುವುದೂ ಉಂಟು. ಕೈಯ ಬಣ್ಣ ಹೌದೋ ಅಲ್ಲವೋ ಎಂದು ನೋಡಲು ಬೆಟ್ಟದ ಅಂಚನ್ನು ಗಮನಿಸಬೇಕು. ದಿನಕ್ಕೆ ಇಷ್ಟು ಹಾಳೆ ಎಂದು ಅವಸರದಲ್ಲಿ ತುಂಬಿದವರ ಕುಂಚ ಒಂದೆರಡು ಕಡೆಯಾದರೂ ಗೆರೆ ದಾಟಿ ಆಕಾಶದೊಳಕ್ಕೆ ಹೋಗಿರುತ್ತದೆ.